ಅಮ್ಮನ ಪಿಟಿಎಚ್ 1,180: ಸಿನಾಕ್ಯಾಲ್ಸೆಟ್ ಈಗಲೇ ಶುರು ಮಾಡಬಾರದಾ?

ಕಾಪುವಿನ ಮಗಳು
ನಮಸ್ಕಾರ. ಅಮ್ಮನ ವಿಷಯದಲ್ಲಿ ಒಂದು ಗೊಂದಲ ಉಂಟು, ಗೊತ್ತಿದ್ದವರು ಹೇಳಿ.

ಅಮ್ಮನಿಗೆ 61 ವರ್ಷ. ಶುಗರ್‌ನಿಂದ ಕಿಡ್ನಿ ಹೋಗಿ ಈಗ ಉಡುಪಿಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ. ಈ ಸಲದ ರಕ್ತ ಪರೀಕ್ಷೆಯಲ್ಲಿ ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನ್) 1,180 ಬಂದಿದೆ. ಹಿಂದಿನ ಸಲ 740 ಇತ್ತು. ಫಾಸ್ಫರಸ್ 7.1, ಕ್ಯಾಲ್ಸಿಯಂ 7.9, ಆಲ್ಬುಮಿನ್ (ರಕ್ತದ ಪ್ರೋಟೀನ್) 3.5. ಮೈಯೆಲ್ಲ ತುರಿಕೆ. ರಾತ್ರಿ ಸೊಂಟ, ಕಾಲಿನ ಎಲುಬು ನೋವು ಅಂತ ನಿದ್ದೆಯೇ ಇಲ್ಲ.

ಡಾಕ್ಟರು ಫಾಸ್ಫರಸ್ ಇಳಿಸಲಿಕ್ಕೆ ಊಟದ ಜೊತೆ ಸೆವೆಲಮರ್ ಮತ್ತು ಕ್ಯಾಲ್ಸಿಯಂ ಅಸಿಟೇಟ್ ಕೊಟ್ಟಿದ್ದಾರೆ. ಕ್ಯಾಲ್ಸಿಟ್ರಿಯಾಲ್ (ಕೆಲಸ ಮಾಡುವ ರೂಪದ ವಿಟಮಿನ್ ಡಿ) 0.25 ಕೂಡ ಉಂಟು. ಪಿಟಿಎಚ್ ಇಳಿಸಲಿಕ್ಕೆ ಸಿನಾಕ್ಯಾಲ್ಸೆಟ್ ಅಂತ ಮಾತ್ರೆ ಇದೆಯಂತೆ. ಅದನ್ನು ಯಾಕೆ ಕೊಡುವುದಿಲ್ಲ ಅಂತ ಕೇಳಿದ್ದಕ್ಕೆ 'ಮೊದಲು ಕ್ಯಾಲ್ಸಿಯಂ ಮೇಲೆ ಬರಲಿ, ಆಮೇಲೆ ನೋಡೋಣ' ಅಂದರು. ದುಬೈಯಲ್ಲಿರುವ ಭಾವ ಅದೇ ಔಷಧವನ್ನು ಮಿಂಪಾರಾ ಹೆಸರಲ್ಲಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ ಅನ್ನುತ್ತಿದ್ದಾರೆ. ಶುರು ಮಾಡಿಬಿಡಬಹುದಾ? ಅಮ್ಮ ನರಳುವುದನ್ನು ನೋಡಲಿಕ್ಕೆ ಆಗುವುದಿಲ್ಲ.

ಮಲ್ಪೆ ಬಂದರು
ದಯವಿಟ್ಟು ಸ್ವಂತಕ್ಕೆ ಶುರು ಮಾಡಬೇಡಿ ಅಕ್ಕ. ಡಾಕ್ಟರು ಹೇಳಿದ್ದು ಸರಿ ಉಂಟು.

ಸುರತ್ಕಲ್ ರಾಯರು
ನಾರ್ಮಲ್ 65ರ ಒಳಗೆ. ಇದು ಅದಕ್ಕಿಂತ 18 ಪಟ್ಟು! ಇಷ್ಟಾದ ಮೇಲೂ ಕಾಯಿರಿ ಅಂದರೆ ಹೇಗೆ? ಮಂಗಳೂರಿಗೆ ಕರೆದುಕೊಂಡು ಬನ್ನಿ, ಇನ್ನೊಬ್ಬರ ಅಭಿಪ್ರಾಯ ಕೇಳಿ.

ಡಯಾಲಿಸಿಸ್ ಸಿಸ್ಟರ್
ರಾಯರೇ, ಇನ್ನೊಬ್ಬರ ಅಭಿಪ್ರಾಯ ಕೇಳುವುದು ತಪ್ಪಲ್ಲ. ಆದರೆ ಇಲ್ಲಿ ಡಾಕ್ಟರು ಸುಮ್ನೆ ಕಾಯುತ್ತಿಲ್ಲ. ಕೆಲಸ ಶುರು ಮಾಡಿಯೇ ಇದ್ದಾರೆ.

ಅಕ್ಕ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ನಾಲ್ಕು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳು ಇರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಅವು ಪಿಟಿಎಚ್ ಬಿಡುತ್ತವೆ. ಅದು ಎಲುಬಿನಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಹಾಕುತ್ತದೆ. ಕಿಡ್ನಿ ಹೋದವರಲ್ಲಿ ಎರಡು ತೊಂದರೆ ಒಟ್ಟಿಗೆ ಆಗುತ್ತವೆ. ಫಾಸ್ಫರಸ್ ಹೊರಗೆ ಹೋಗುವುದಿಲ್ಲ. ವಿಟಮಿನ್ ಡಿಯನ್ನು ಕೆಲಸ ಮಾಡುವ ರೂಪಕ್ಕೆ ತರುವುದು ಕಿಡ್ನಿ, ಅದೂ ನಿಲ್ಲುತ್ತದೆ. ಹಾಗಾಗಿ ಊಟದಲ್ಲಿರುವ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಸೇರುವುದಿಲ್ಲ. ಗ್ರಂಥಿಗಳು ಹಗಲು ರಾತ್ರಿ ದುಡಿದು ದಪ್ಪ ಆಗುತ್ತವೆ. ಅಮ್ಮನ ಎಲುಬು ನೋವು, ತುರಿಕೆ ಎರಡಕ್ಕೂ ಇದು ಕಾರಣ ಆಗಿರಬಹುದು.

ಸಿನಾಕ್ಯಾಲ್ಸೆಟ್ ಏನು ಮಾಡುತ್ತದೆ? ಗ್ರಂಥಿಯಲ್ಲಿ ಕ್ಯಾಲ್ಸಿಯಂ ಅಳೆಯುವ ಒಂದು ಜಾಗ ಉಂಟು. ಅಲ್ಲಿ ಕೂತು 'ಕ್ಯಾಲ್ಸಿಯಂ ಸಾಕಷ್ಟು ಇದೆ' ಅಂತ ಗ್ರಂಥಿಯನ್ನು ನಂಬಿಸುತ್ತದೆ. ಪಿಟಿಎಚ್ ಇಳಿಯುತ್ತದೆ. ಜೊತೆಗೆ ರಕ್ತದ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ! ಮೊದಲೇ ಕಡಿಮೆ ಇದ್ದವರಿಗೆ ಕೊಟ್ಟರೆ ಬಾಯಿ ಸುತ್ತ ಜುಂ ಅನ್ನುವುದು, ಕೈಕಾಲು ಸೆಳೆತ, ಜಾಸ್ತಿಯಾದರೆ ಫಿಟ್ಸ್, ಹೃದಯದ ಬಡಿತ ತಪ್ಪುವುದು. ಅದಕ್ಕೇ ಕ್ಯಾಲ್ಸಿಯಂ 8.4ಕ್ಕಿಂತ ಕಡಿಮೆ ಇದ್ದರೆ ಶುರು ಮಾಡುವುದಿಲ್ಲ.

ಕಾಪುವಿನ ಮಗಳು
ಸಿಸ್ಟರ್, ತುಂಬಾ ಉಪಕಾರ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಗಾದರೆ 7.9 ಅಂದರೆ ಸಾಕಷ್ಟು ಕಡಿಮೆ ಅಲ್ವಾ?

ಡಯಾಲಿಸಿಸ್ ಸಿಸ್ಟರ್
ಆಲ್ಬುಮಿನ್ ನೋಡಿ ಸರಿಪಡಿಸಿಕೊಳ್ಳಬೇಕು. 4ರಿಂದ ಆಲ್ಬುಮಿನ್ ಕಳೆಯಿರಿ, 0.8ರಿಂದ ಗುಣಿಸಿ, ಕ್ಯಾಲ್ಸಿಯಂಗೆ ಸೇರಿಸಿ. ಅಮ್ಮನಿಗೆ 0.5 ಗುಣಿಸು 0.8 ಅಂದರೆ 0.4. ಒಟ್ಟು 8.3. ಹತ್ತಿರ ಬಂದಿದೆ. ಈಗಿನ ಔಷಧದಲ್ಲಿ ಇನ್ನಷ್ಟು ಏರಿದರೆ ಡಾಕ್ಟರೇ ಶುರು ಮಾಡಬಹುದು. ಶುರು ಮಾಡಿದ ಮೇಲೂ ಒಂದು ವಾರದೊಳಗೆ ಕ್ಯಾಲ್ಸಿಯಂ ನೋಡಬೇಕು. ದುಬೈಯಿಂದ ಮಾತ್ರೆ ಬರುತ್ತದೆ, ಆ ಪರೀಕ್ಷೆ ಬರುವುದಿಲ್ಲ.

ಸುರತ್ಕಲ್ ರಾಯರು
8.3ಕ್ಕೂ 8.4ಕ್ಕೂ ಏನು ವ್ಯತ್ಯಾಸ ಸಿಸ್ಟರ್? ಇಷ್ಟಕ್ಕೆ ಒಬ್ಬರು ನೋವು ತಿನ್ನಬೇಕಾ?

ಡಯಾಲಿಸಿಸ್ ಸಿಸ್ಟರ್
ಮಾತ್ರೆ ಕೊಟ್ಟ ಮೇಲೆ ಅದು 8.3ರಲ್ಲೇ ನಿಲ್ಲುವುದಿಲ್ಲ ರಾಯರೇ, ಕೆಳಗೆ ಹೋಗುತ್ತದೆ. 7.5ಕ್ಕಿಂತ ಕೆಳಗೆ ಹೋದರೆ ಮಾತ್ರೆಯನ್ನೇ ನಿಲ್ಲಿಸಬೇಕು. ಮೇಲಿಂದ ಇಳಿಯಲಿಕ್ಕೆ ಜಾಗ ಇರಬೇಕು. ಮತ್ತೆ ಇವರ ಫಾಸ್ಫರಸ್ 7.1. ಅದನ್ನು ಬಿಟ್ಟು ಪಿಟಿಎಚ್ ಒಂದನ್ನೇ ಹಿಡಿದರೆ ಬೇರು ಹಾಗೇ ಉಳಿಯುತ್ತದೆ.

ಕಂಕನಾಡಿ ಮೆಡಿಕಲ್
ಸಿಸ್ಟರ್ ಹೇಳಿದ ಫಾಸ್ಫರಸ್ ವಿಷಯಕ್ಕೇ ಬಂದೆ. ಔಷಧ ಅಂಗಡಿ ನನ್ನದು. ಅಕ್ಕ, ಅಮ್ಮ ಸೆವೆಲಮರ್ ಯಾವಾಗ ತೆಗೆದುಕೊಳ್ಳುತ್ತಾರೆ? ಸರಿಯಾಗಿ ಕೇಳಿ ನೋಡಿ.

ಕಾಪುವಿನ ಮಗಳು
ಬೆಳಿಗ್ಗೆ ಎದ್ದ ಕೂಡಲೇ ಎಲ್ಲ ಮಾತ್ರೆ ಒಟ್ಟಿಗೆ ನುಂಗುತ್ತಾರೆ ಅಂತ ಈಗ ಗೊತ್ತಾಯಿತು. ಮಧ್ಯಾಹ್ನ ಊಟವಾಗಿ ಒಂದು ಗಂಟೆ ಬಿಟ್ಟು. ರಾತ್ರಿ ಮಲಗುವಾಗ.

ಕಂಕನಾಡಿ ಮೆಡಿಕಲ್
ಅಲ್ಲೇ ಉಂಟು ನೋಡಿ ವಿಷಯ. ಸೆವೆಲಮರ್ ಒಂದು ಬೈಂಡರ್. ಬೈಂಡರ್ ಅಂದರೆ ಊಟದ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಹಿಡಿದು ಮಲದಲ್ಲಿ ಹೊರಗೆ ಹಾಕುವ ಔಷಧ. ಖಾಲಿ ಹೊಟ್ಟೆಯಲ್ಲಿ ಅದಕ್ಕೆ ಹಿಡಿಯಲಿಕ್ಕೆ ಏನೂ ಸಿಗುವುದಿಲ್ಲ. ಊಟದ ತಟ್ಟೆ ಎದುರು ಇರುವಾಗಲೇ ತೆಗೆದುಕೊಳ್ಳಬೇಕು. ಸೆವೆಲಮರ್ ಮಾತ್ರೆ ಇಡಿಯಾಗಿ ನುಂಗುವುದು, ಜಗಿಯುವುದಲ್ಲ. ಲ್ಯಾಂಥನಮ್ ಅನ್ನುವ ಇನ್ನೊಂದು ಬೈಂಡರ್ ಆದರೆ ಜಗಿದೇ ನುಂಗಬೇಕು. ಗಂಜಿ ಉಪ್ಪಿನಕಾಯಿಗೂ ಮೀನು, ಮೊಸರು ಇರುವ ಊಟಕ್ಕೂ ಒಂದೇ ಲೆಕ್ಕ ಅಲ್ಲ. ದೊಡ್ಡ ಊಟಕ್ಕೆ ಜಾಸ್ತಿ, ಸಣ್ಣ ಊಟಕ್ಕೆ ಕಡಿಮೆ ಅಂತ ಹಂಚಿಕೊಡಲು ಡಾಕ್ಟರನ್ನು ಕೇಳಿ.

ಇನ್ನೊಂದು. ಅಮ್ಮನಿಗೆ ಥೈರಾಯ್ಡ್ ಮಾತ್ರೆ ಉಂಟಾ? ಸೆವೆಲಮರ್, ಕ್ಯಾಲ್ಸಿಯಂ ಎರಡೂ ಅದನ್ನು ಹಿಡಿದುಕೊಳ್ಳುತ್ತವೆ. ಸಿಪ್ರೊಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯೋಟಿಕ್‌ಗೂ ಹಾಗೆಯೇ. ಗಂಟೆಗಳ ಅಂತರ ಬೇಕು. ಮುಂದೆ ಸಿನಾಕ್ಯಾಲ್ಸೆಟ್ ಶುರುವಾದರೆ ಬಿಪಿಗೆ ಮೆಟೊಪ್ರೊಲಾಲ್, ನರದ ನೋವಿಗೆ ಅಮಿಟ್ರಿಪ್ಟಿಲಿನ್ ನಡೆಯುತ್ತಿದೆಯಾ ಅಂತ ಮೊದಲೇ ಹೇಳಿ. ಸಿನಾಕ್ಯಾಲ್ಸೆಟ್ ಇದ್ದಾಗ ಅವೆರಡೂ ರಕ್ತದಲ್ಲಿ ಜಾಸ್ತಿ ಉಳಿಯುತ್ತವೆ.

ಪುತ್ತೂರು ತೋಟ
ಈ ಗ್ಯಾಸಿನ ಗುಳಿಗೆ, ಸಿರಪ್ ಬಗ್ಗೆಯೂ ಹೇಳಿ ಅಣ್ಣ. ನಮ್ಮ ದೊಡ್ಡಪ್ಪ ದಿನಾ ಕುಡಿಯುತ್ತಾರೆ.

ಕಂಕನಾಡಿ ಮೆಡಿಕಲ್
ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುವ ಸಿರಪ್ ಡಯಾಲಿಸಿಸ್‌ನವರಿಗೆ ದಿನಾ ಬೇಡವೇ ಬೇಡ. ಅಲ್ಯೂಮಿನಿಯಂ ಹೊರಗೆ ಹೋಗದೆ ಎಲುಬಲ್ಲಿ, ಮಿದುಳಲ್ಲಿ ಕೂರುತ್ತದೆ. ಬಾಟಲಿ ಮೇಲೆ ಓದಿ ನೋಡಿ.

ಕುಂದಾಪುರ್ದವ
ಎಂತ ಮಾರಾಯ್ರೆ, ಎಲ್ಲರೂ ಮಾತ್ರೆಯದ್ದೇ ಹೇಳುತ್ತಿದ್ದೀರಿ. ಊಟದ ವಿಷಯ ಯಾರು ಹೇಳುವುದು? ಮೀನು ಬಿಡಬೇಕಾ ಬೇಡವಾ? ಅಪ್ಪಯ್ಯನಿಗೆ ಡಯಾಲಿಸಿಸ್ ಶುರುವಾದ ಮೇಲೆ ಒಬ್ಬರು ಮೀನು ತಿನ್ನಿ ಅಂದರು, ಇನ್ನೊಬ್ಬರು ಮುಟ್ಟಬೇಡಿ ಅಂದರು.

ಮಣಿಪಾಲದ ಡಯಟ್ ಅಕ್ಕ
ಮೀನು ಬಿಡಬೇಡಿ. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಸ್ವಲ್ಪ ಹೋಗುತ್ತದೆ, ತಿನ್ನದಿದ್ದರೆ ಆಲ್ಬುಮಿನ್ ಇಳಿಯುತ್ತದೆ. ಈ ಅಮ್ಮನಿಗೂ 3.5 ಮಾತ್ರ ಉಂಟು. ಆದರೆ ಯಾವ ಮೀನು, ಹೇಗೆ ಅನ್ನುವುದು ಮುಖ್ಯ.

ಮುಳ್ಳು ಸಮೇತ ಜಗಿಯುವ ಸಣ್ಣ ಮೀನಲ್ಲಿ ಫಾಸ್ಫರಸ್ ಜಾಸ್ತಿ. ಬೂತಾಯಿ, ಕೊಳ್ಳತರು ತಿನ್ನುವಾಗ ಮುಳ್ಳು ತೆಗೆಯಿರಿ. ತಲೆ ಚೀಪುವುದು ಬೇಡ. ಒಣಮೀನು ಚಟ್ನಿಯಲ್ಲಿ ಉಪ್ಪು ವಿಪರೀತ, ಬಾಯಾರಿ ನೀರು ಕುಡಿಯುತ್ತಾರೆ, ಮರುದಿನ ತೂಕ ಏರಿರುತ್ತದೆ. ಮೊಟ್ಟೆಯ ಬಿಳಿ ತುಂಬ ಒಳ್ಳೆಯದು. ಪ್ರೋಟೀನ್ ಇದೆ, ಫಾಸ್ಫರಸ್ ತೀರಾ ಕಡಿಮೆ.

ಜನ ಕಡ್ಲೆ ಗಸಿ, ಬೇಳೆ ಸಾರಿಗೆ ಹೆದರುತ್ತಾರೆ. ಕಾಳಿನಲ್ಲಿರುವ ಫಾಸ್ಫರಸ್ ಪೂರ್ತಿ ಮೈಗೆ ಸೇರುವುದಿಲ್ಲ, ಅರ್ಧಕ್ಕಿಂತ ಕಡಿಮೆ. ನಿಜವಾಗಿ ಹೆದರಬೇಕಾದದ್ದು ಕಪ್ಪು ಕೋಲಾ, ಪ್ಯಾಕೆಟ್ ಸಾಸೇಜ್, ಪ್ರಾಸೆಸ್ ಮಾಡಿದ ಚೀಸ್. ಅವುಗಳಿಗೆ ಹೊರಗಿನಿಂದ ಫಾಸ್ಫೇಟ್ ಸೇರಿಸಿರುತ್ತಾರೆ. ಅದು ಹೆಚ್ಚುಕಡಿಮೆ ಎಲ್ಲವೂ ರಕ್ತಕ್ಕೆ ಹೋಗುತ್ತದೆ.

ಕುಂದಾಪುರ್ದವ
ಅಯ್ಯೋ, ಅಪ್ಪಯ್ಯನಿಗೆ ಡಯಾಲಿಸಿಸ್ ಮುಗಿಸಿ ಬರುವಾಗ ಒಂದು ಕೋಲಾ ಬೇಕೇ ಬೇಕು.

ಬಂಟ್ವಾಳದ ಅತ್ತೆ
ಎಲುಬಿಗೆ ರಾಗಿ ಗಂಜಿ ಕೊಡಿ ಮಗಾ. ನಮ್ಮ ಕಾಲದಲ್ಲಿ ಬಾಣಂತಿಗೆ, ಮಕ್ಕಳಿಗೆ ಎಲ್ಲರಿಗೂ ಅದೇ. ಕ್ಯಾಲ್ಸಿಯಂ ತನ್ನಿಂದ ತಾನೇ ಬರುತ್ತದೆ.

ಮಣಿಪಾಲದ ಡಯಟ್ ಅಕ್ಕ
ಅತ್ತೆ, ಕಿಡ್ನಿ ಚೆನ್ನಾಗಿರುವವರಿಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಇವರಿಗೆ ರಾಗಿಯ ಕ್ಯಾಲ್ಸಿಯಂ ಜೊತೆ ಫಾಸ್ಫರಸ್, ಪೊಟ್ಯಾಸಿಯಂ ಕೂಡ ಬರುತ್ತದೆ. ದಿನಾ ಬೇಡ. ಬೆಳ್ತಿಗೆ ಅನ್ನ, ನೀರುದೋಸೆ ಆರಾಮವಾಗಿ ತಿನ್ನಬಹುದು. ತರಕಾರಿ ಜಾಸ್ತಿ ನೀರಲ್ಲಿ ಬೇಯಿಸಿ ನೀರು ಚೆಲ್ಲಿ. ಎಳನೀರು ಬೇಡ.

ಬಂಟ್ವಾಳದ ಅತ್ತೆ
ಹಾಗಾ! ಅಂಗಳದಲ್ಲಿ ದಾರೆಹುಳಿ ಮರ ತುಂಬ ಕಾಯಿ ಉಂಟು. ಅದು ಕೊಡಬಹುದಲ್ಲ? ಬಾಯಿಗೆ ರುಚಿ ಬರುತ್ತದೆ.

ಮಣಿಪಾಲದ ಡಯಟ್ ಅಕ್ಕ
ಬೇಡ ಅತ್ತೆ, ಖಂಡಿತ ಬೇಡ! ದಾರೆಹುಳಿಯಲ್ಲಿ ಒಂದು ವಿಷ ಉಂಟು, ಕ್ಯಾರಂಬಾಕ್ಸಿನ್ ಅಂತ. ಕಿಡ್ನಿ ಇದ್ದವರಲ್ಲಿ ಹೊರಗೆ ಹೋಗುತ್ತದೆ. ಡಯಾಲಿಸಿಸ್‌ನವರಲ್ಲಿ ಮಿದುಳಿಗೆ ಏರುತ್ತದೆ. ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್. ಜೀವ ಹೋದದ್ದೂ ಉಂಟು. ಒಂದು ಹಣ್ಣು ಸಹ ಬೇಡ. ಕೊಲೆಸ್ಟ್ರಾಲಿಗೆ ಒಳ್ಳೆಯದು ಅಂತ ಬಿಂಬುಳಿ ರಸ ಕುಡಿಯುವವರೂ ಇದ್ದಾರೆ. ಅದರ ಆಕ್ಸಲೇಟ್‌ನಿಂದ ಚೆನ್ನಾಗಿದ್ದ ಕಿಡ್ನಿಯೇ ಕೆಟ್ಟವರಿದ್ದಾರೆ.

ಬಂಟ್ವಾಳದ ಅತ್ತೆ
ದೇವರೇ. ನಮ್ಮ ಪಕ್ಕದ ಮನೆಯವರಿಗೂ ಡಯಾಲಿಸಿಸ್ ನಡೆಯುತ್ತದೆ, ಈಗಲೇ ಹೋಗಿ ಹೇಳುತ್ತೇನೆ.

ಕಾರ್ಕಳ 574104
ಇಷ್ಟೆಲ್ಲ ಇಂಗ್ಲಿಷ್ ಔಷಧ ಯಾಕೆ? ನಮ್ಮಲ್ಲಿ ಒಬ್ಬರು ಕಷಾಯ ಕೊಡುತ್ತಾರೆ, ಕ್ರಿಯಾಟಿನಿನ್ ಇಳಿದವರು ತುಂಬಾ ಜನ ಇದ್ದಾರೆ.

ಮಲ್ಪೆ ಬಂದರು
ಡಯಾಲಿಸಿಸ್ ಮಾಡಿದ ಮರುದಿನ ಯಾರಿಗಾದರೂ ಕ್ರಿಯಾಟಿನಿನ್ ಇಳಿದೇ ಇರುತ್ತದೆ. ಕಷಾಯ ನಂಬಿ ನನ್ನ ಚಿಕ್ಕಪ್ಪ ಡಯಾಲಿಸಿಸ್ ತಪ್ಪಿಸಿದರು. ಪೊಟ್ಯಾಸಿಯಂ ಏರಿ ಐಸಿಯು ಸೇರಿದರು. ಅದಕ್ಕೇ ಮೊದಲು ಹೇಳಿದ್ದು, ಸ್ವಂತಕ್ಕೆ ಏನೂ ಬೇಡ ಅಂತ. ದಯವಿಟ್ಟು ಇಲ್ಲಿ ಇದನ್ನು ಹರಡಬೇಡಿ.

ಕಾರ್ಕಳ 574104
ನಾನು ಡಯಾಲಿಸಿಸ್ ಬಿಡಿ ಅಂದೆನಾ? ಜೊತೆಗೆ ತೆಗೆದುಕೊಳ್ಳಿ ಅಂದದ್ದು.

ಡಯಾಲಿಸಿಸ್ ಸಿಸ್ಟರ್
ಜೊತೆಗೂ ಬೇಡ. ಅದರಲ್ಲಿ ಪೊಟ್ಯಾಸಿಯಂ ಎಷ್ಟು, ಸೀಸ ಪಾದರಸ ಏನಾದರೂ ಉಂಟಾ ಅಂತ ಯಾರು ಅಳೆದಿದ್ದಾರೆ? ಏನೇ ತೆಗೆದುಕೊಂಡರೂ ಡಾಕ್ಟರಿಗೆ ಗೊತ್ತಿರಬೇಕು.

ಸುರತ್ಕಲ್ ರಾಯರು
ಮೂಲ ಪ್ರಶ್ನೆಗೆ ಬರೋಣ. ಪಿಟಿಎಚ್ 65ಕ್ಕೆ ತರಬೇಕಾ ಬೇಡವಾ?

ಬೈಂದೂರು ಬಿಎಸ್ಸಿ
ಬೇಡ ರಾಯರೇ. ಡಯಾಲಿಸಿಸ್‌ನವರಿಗೆ ಗುರಿ ಬೇರೆ. 2017ರ ಕೆಡಿಗೊ (ಕಿಡ್ನಿ ರೋಗದ ಅಂತರರಾಷ್ಟ್ರೀಯ ಸಂಸ್ಥೆ) ಮಾರ್ಗಸೂಚಿಯಲ್ಲಿ ನಾರ್ಮಲ್ ಮೇಲ್ಮಿತಿಯ ಎರಡರಿಂದ ಒಂಬತ್ತು ಪಟ್ಟು ಅಂತ ಉಂಟು. 65 ಹಿಡಿದರೆ ಸುಮಾರು 130ರಿಂದ 600. ತೀರಾ ಇಳಿಸಿದರೆ ಎಲುಬು ಮಲಗಿಬಿಡುತ್ತದೆ. ಹೊಸ ಎಲುಬು ಕಟ್ಟುವುದೂ ಇಲ್ಲ, ಹಳೆಯದು ಕರಗುವುದೂ ಇಲ್ಲ. ಆಗಲೂ ಮುರಿಯುತ್ತದೆ. ಹೆಚ್ಚುವರಿ ಕ್ಯಾಲ್ಸಿಯಂ ಹೋಗಿ ರಕ್ತನಾಳದಲ್ಲಿ ಕೂರುತ್ತದೆ.

ಸುರತ್ಕಲ್ ರಾಯರು
ಹಾಗಾದರೆ 590 ಇದ್ದರೆ ಆರಾಮ ಅಂತಲಾ?

ಬೈಂದೂರು ಬಿಎಸ್ಸಿ
200ರಿಂದ 590ಕ್ಕೆ ಏರಿದ್ದರೆ ಆರಾಮ ಅಲ್ಲ. 1,000ದಿಂದ 590ಕ್ಕೆ ಬಂದಿದ್ದರೆ ಒಳ್ಳೆಯದು. ಯಾವ ಕಡೆಗೆ ಹೋಗುತ್ತಿದೆ ಅನ್ನುವುದನ್ನು ನೋಡಬೇಕು. ಇವರದ್ದು 740ರಿಂದ 1,180. ಏರುತ್ತಿದೆ, ಚಿಕಿತ್ಸೆ ಬೇಕೇ ಬೇಕು. ಆ ಮಟ್ಟಿಗೆ ನಿಮ್ಮ ಮಾತು ಸರಿ.

ಒಂದೇ ಲ್ಯಾಬಲ್ಲಿ ಮಾಡಿಸಿ. ಬೇರೆ ಬೇರೆ ಕಿಟ್‌ನಲ್ಲಿ ಅಂಕಿ ಬೇರೆ ಬರುತ್ತದೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲ್ಯಾಬಿನವರಿಗೆ ಹೇಳಿ. ಕೆಲವು ಕಿಟ್‌ಗಳಲ್ಲಿ ಪಿಟಿಎಚ್ ಸುಳ್ಳೇ ಕಡಿಮೆ ತೋರಿಸುತ್ತದೆ.

ಕುವೈತ್ ಕಟಪಾಡಿ
ನನ್ನದು 62 ಅಂತ ಬಂದಿದೆ, ಇಲ್ಲಿ ಡಯಾಲಿಸಿಸ್‌ನಲ್ಲಿದ್ದೇನೆ. ಅಂದರೆ ನಾರ್ಮಲ್ಲಾ?

ಬೈಂದೂರು ಬಿಎಸ್ಸಿ
ಪಕ್ಕದಲ್ಲಿ ಏನು ಬರೆದಿದ್ದಾರೆ ನೋಡಿ ಅಣ್ಣ. ಪಿಕೋಮೋಲ್ ಅನ್ನುವ ಬೇರೆ ಅಳತೆ ಇದ್ದರೆ 9.4ರಿಂದ ಗುಣಿಸಬೇಕು. ಆಗ ಊರಿನ ಪಿಕೋಗ್ರಾಂ ಲೆಕ್ಕದಲ್ಲಿ 580ರ ಹತ್ತಿರ.

ಕುವೈತ್ ಕಟಪಾಡಿ
ಪಿಕೋಮೋಲ್ ಅಂತಲೇ ಉಂಟು. ಊರಿಗೆ ಬಂದಾಗ ಅಲ್ಲಿನ ಡಾಕ್ಟರಿಗೆ ಇದನ್ನು ಹೇಳಬೇಕು. ಉಪಕಾರ.

ಮೂಡುಬಿದಿರೆ ಮೇಷ್ಟ್ರು
ಸಿನಾಕ್ಯಾಲ್ಸೆಟ್ ಅನುಭವ ಕೇಳಿದ್ದೀರಿ ಅಂತ ಬರೆಯುತ್ತಿದ್ದೇನೆ. ನನ್ನ ಮನೆಯವಳಿಗೆ 30 ಮಿಲಿಗ್ರಾಂನಿಂದ ಶುರು ಮಾಡಿದರು. ಮೊದಲ ವಾರ ವಾಂತಿಯೋ ವಾಂತಿ. ಗುಳಿಗೆ ತೋರಿಸಿದರೇ ಮುಖ ತಿರುಗಿಸುತ್ತಿದ್ದಳು. ಬೆಳಿಗ್ಗೆ ಬರೇ ಚಹಾದ ಮೇಲೆ ಕೊಡುತ್ತಿದ್ದೆವು. ಡಾಕ್ಟರು ರಾತ್ರಿ ಊಟದ ಜೊತೆ ಕೊಡಿ ಅಂದ ಮೇಲೆ ಸುಧಾರಿಸಿತು. ಗುಳಿಗೆ ತುಂಡು ಮಾಡಬಾರದು, ಇಡಿಯಾಗಿಯೇ ನುಂಗಬೇಕು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ನೋಡಿ ಡೋಸ್ ಏರಿಸುತ್ತಾರೆ. ಅವಳಿಗೆ 60ರಲ್ಲಿ ನಿಂತಿತು. ಒಮ್ಮೆ ತುಟಿ ಜುಂ ಅಂದಿತು. ಆ ದಿನವೇ ಕ್ಯಾಲ್ಸಿಯಂ ನೋಡಿ ಡೋಸ್ ಬದಲಿಸಿದರು. ಅಂಥದ್ದು ಕಂಡರೆ ಮುಂದಿನ ಡಯಾಲಿಸಿಸ್ ತನಕ ಕಾಯಬೇಡಿ.

ತುರಿಕೆ ಬೇಗ ಕಡಿಮೆಯಾಯಿತು. ಎಲುಬು ನೋವು ನಿಧಾನ. ಈಗ ಗದ್ದೆಯ ಬದುವಿನಲ್ಲಿ ನಡೆಯುತ್ತಾಳೆ.

ಕಾಪುವಿನ ಮಗಳು
ಮೇಷ್ಟ್ರೇ, ಓದಿ ಧೈರ್ಯ ಬಂತು. ವಾಂತಿ ನಿಲ್ಲದೇ ಇದ್ದರೆ ಬೇರೆ ದಾರಿ ಉಂಟಾ?

ಡಯಾಲಿಸಿಸ್ ಸಿಸ್ಟರ್
ಎಟೆಲ್‌ಕ್ಯಾಲ್ಸೆಟೈಡ್ ಅಂತ ಇಂಜೆಕ್ಷನ್ ಉಂಟು. ಡಯಾಲಿಸಿಸ್ ಮುಗಿಯುವಾಗ ಟ್ಯೂಬಿನಲ್ಲೇ ವಾರಕ್ಕೆ ಮೂರು ಸಲ ಕೊಡುವುದು. ಮನೆಯಲ್ಲಿ ನುಂಗುವ ತಾಪತ್ರಯ ಇಲ್ಲ. ಆದರೆ ವಾಕರಿಕೆ ಪೂರ್ತಿ ಹೋಗುವುದಿಲ್ಲ, ಕ್ಯಾಲ್ಸಿಯಂ ಇಳಿಯುವುದು ಅದರಲ್ಲೂ ಉಂಟು. ವಿಟಮಿನ್ ಡಿ ಕಡೆಯಲ್ಲಿ ಪ್ಯಾರಿಕ್ಯಾಲ್ಸಿಟಾಲ್ ಇದೆ. ಅದರಲ್ಲಿ ತೊಂದರೆ ಉಲ್ಟಾ, ಕ್ಯಾಲ್ಸಿಯಂ ಫಾಸ್ಫರಸ್ ಏರಬಹುದು. ಅದಕ್ಕೇ ಎರಡನ್ನೂ ಸೇರಿಸಿ ತೂಗಿ ಕೊಡುತ್ತಾರೆ.

ಬೈಂದೂರು ಬಿಎಸ್ಸಿ
ಒಂದು ಮಾತು ಹೇಳಲೇಬೇಕು. ಸಿನಾಕ್ಯಾಲ್ಸೆಟ್ ಆಯುಷ್ಯ ಹೆಚ್ಚಿಸುತ್ತದೆ ಅಂತ ಗಟ್ಟಿಯಾಗಿ ಸಾಬೀತಾಗಿಲ್ಲ. ಇವಾಲ್ವ್ ಅಂತ ದೊಡ್ಡ ಪ್ರಯೋಗ, 3,883 ಡಯಾಲಿಸಿಸ್ ರೋಗಿಗಳು, ಫಲಿತಾಂಶ ಬಂದದ್ದು 2012ರಲ್ಲಿ. ಸಾವು, ಹೃದಯಾಘಾತ ಇಂಥವು ಕಡಿಮೆಯಾಗುತ್ತವಾ ಅಂತ ನೋಡಿದರು. ಮುಖ್ಯ ಲೆಕ್ಕದಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ.

ಮೂಡುಬಿದಿರೆ ಮೇಷ್ಟ್ರು
ಹಾಗಂತ ಪ್ರಯೋಜನ ಇಲ್ಲ ಅನ್ನಬೇಡಿ. ರಾತ್ರಿಯಿಡೀ ಮೈ ಕೆರೆದುಕೊಂಡು ಕೂರುವವರನ್ನು ನಾನು ನೋಡಿದ್ದೇನೆ.

ಬೈಂದೂರು ಬಿಎಸ್ಸಿ
ಅನ್ನುವುದಿಲ್ಲ ಮೇಷ್ಟ್ರೇ. ಅದೇ ಪ್ರಯೋಗದಲ್ಲಿ ಗ್ರಂಥಿ ತೆಗೆಯುವ ಆಪರೇಷನ್ ಕಡಿಮೆಯಾದದ್ದು ಕಂಡಿತ್ತು. ಸಾಲ ಮಾಡಿ ಔಷಧ ತರುವವರಿಗೆ ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಗೊತ್ತಿರಬೇಕು. ಅಷ್ಟೇ ನನ್ನ ಮಾತು.

ಪುತ್ತೂರು ತೋಟ
ಖರ್ಚಿನ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಸರ್ಕಾರಿ ಲೆಕ್ಕದಲ್ಲಿ ಡಯಾಲಿಸಿಸ್ ಆಗುತ್ತದೆ, ಈ ಮಾತ್ರೆಗಳದ್ದು ನಮ್ಮ ಕೈಯಿಂದ. ತೋಟದ ಆದಾಯದಲ್ಲಿ ಎಷ್ಟು ಅಂತ ತರುವುದು?

ಕಂಕನಾಡಿ ಮೆಡಿಕಲ್
ಚೀಟಿಯಲ್ಲಿ ಕಂಪೆನಿ ಹೆಸರಿನ ಬದಲು ಔಷಧದ ಹೆಸರು ಬರೆದುಕೊಡಿ ಅಂತ ಕೇಳಿ. ಬೈಂಡರಿಗೆ ಜನೌಷಧಿಯಲ್ಲಿ ವಿಚಾರಿಸಿ. ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸುವವರು ಒಳಗಿನ ಔಷಧಾಲಯದಲ್ಲೂ ಕೇಳಿ. ದುಡ್ಡಿಲ್ಲ ಅಂತ ದಿನ ಬಿಟ್ಟು ದಿನ ನುಂಗುವವರು ಅದನ್ನು ಡಾಕ್ಟರಿಗೆ ಮುಚ್ಚಿಡುತ್ತಾರೆ. ಔಷಧ ಕೆಲಸ ಮಾಡಲಿಲ್ಲ ಅಂತ ತಿಳಿದು ಅವರು ಡೋಸ್ ಏರಿಸುತ್ತಾರೆ. ನಾಚಿಕೆ ಬೇಡ, ಹೇಳಿಬಿಡಿ.

ಉಳ್ಳಾಲ ಅಳಿಯ
ಮಾವನಿಗೆ ಯಾವ ಮಾತ್ರೆಗೂ ಬಗ್ಗದೆ ಕೊನೆಗೆ ಆಪರೇಷನ್ ಆಯಿತು. ಮೂರೂವರೆ ಗ್ರಂಥಿ ತೆಗೆದು ಅರ್ಧ ಉಳಿಸಿದರು. ಪಿಟಿಎಚ್ ಕೂಡಲೇ ಬಿತ್ತು. ಆಮೇಲೆ ಕ್ಯಾಲ್ಸಿಯಂ ಕೂಡ ಬಿತ್ತು! ಹಸಿದ ಎಲುಬು ರಕ್ತದ ಕ್ಯಾಲ್ಸಿಯಂ ಎಲ್ಲ ಎಳೆದುಕೊಳ್ಳುತ್ತದಂತೆ. ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಹಾಕಿ, ಗಂಟೆ ಗಂಟೆಗೆ ರಕ್ತ ನೋಡಿ ಕಾದರು. ಆಪರೇಷನ್ ಮಾಡಿಸುವವರು ಇದಕ್ಕೆ ತಯಾರಾಗಿ ಹೋಗಿ. ಈಗ ಮಾವ ಚೆನ್ನಾಗಿದ್ದಾರೆ.

ಬಜ್ಪೆ ತಂಗಿ
ಎಲುಬು ಸವೆದಿದೆ ಅಂತ ಎಲುಬಿನ ಡಾಕ್ಟರು ಆರು ತಿಂಗಳಿಗೊಂದು ಇಂಜೆಕ್ಷನ್ ಹೇಳಿದ್ದಾರೆ. ಡೆನೋಸುಮಾಬ್. ನಮ್ಮ ಅಮ್ಮನೂ ಡಯಾಲಿಸಿಸ್‌ನಲ್ಲಿದ್ದಾರೆ. ಕೊಡಿಸಲಾ?

ಡಯಾಲಿಸಿಸ್ ಸಿಸ್ಟರ್
ಕಿಡ್ನಿ ಡಾಕ್ಟರನ್ನು ಕೇಳದೆ ಕೊಡಿಸಬೇಡಿ ತಂಗಿ. ಡಯಾಲಿಸಿಸ್‌ನವರಲ್ಲಿ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಇಳಿದು ತೊಂದರೆಯಾಗಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಆ ಇಂಜೆಕ್ಷನ್ ಮೇಲೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು.

ಕಾಪುವಿನ ಮಗಳು
ಎಲ್ಲರಿಗೂ ವಂದನೆ. ಭಾವನಿಗೆ ಮಾತ್ರೆ ಕಳಿಸಬೇಡಿ ಅಂತ ಹೇಳಿದೆ. ಬೈಂಡರ್ ಡಬ್ಬಿಯನ್ನು ಊಟದ ಮೇಜಿನ ಮೇಲೇ ಇಟ್ಟಿದ್ದೇನೆ. ಹೊತ್ತು ತಪ್ಪಿ ತೆಗೆದುಕೊಳ್ಳುತ್ತಿದ್ದದ್ದನ್ನು ನಾಳೆ ಡಾಕ್ಟರಿಗೂ ಹೇಳುತ್ತೇನೆ.

ಬೆಳ್ಮಣ್ಣು ಹುಡುಗ
ಇದೇ ವಿಷಯ ಅಂತ ಇಲ್ಲೇ ಕೇಳುತ್ತಿದ್ದೇನೆ. ಅಪ್ಪನಿಗೆ ಕಿಡ್ನಿ ಕಾಯಿಲೆಯ ನಾಲ್ಕನೇ ಹಂತ, ಡಯಾಲಿಸಿಸ್ ಇನ್ನೂ ಇಲ್ಲ. ಪಿಟಿಎಚ್ 190. ನಾವೂ ಸಿನಾಕ್ಯಾಲ್ಸೆಟ್ ಕೇಳಬೇಕಾ?

ಡಯಾಲಿಸಿಸ್ ಸಿಸ್ಟರ್
ಡಯಾಲಿಸಿಸ್ ಶುರುವಾಗದ ಕಿಡ್ನಿ ರೋಗಿಗಳಿಗೆ ಅದು ಹೇಳಿದ್ದಲ್ಲ, ಕ್ಯಾಲ್ಸಿಯಂ ಇಳಿಯುವ ಅಪಾಯ ಇನ್ನೂ ಜಾಸ್ತಿ. ಆ ಹಂತದಲ್ಲಿ ಪಿಟಿಎಚ್ ಸ್ವಲ್ಪ ಏರುವುದು ದೇಹದ ಹೊಂದಾಣಿಕೆಯೂ ಆಗಿರಬಹುದು. ಮೊದಲು ಫಾಸ್ಫರಸ್, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡುತ್ತಾರೆ. ಡಿ ಕಡಿಮೆ ಇದ್ದರೆ ಸಾಮಾನ್ಯ ವಿಟಮಿನ್ ಡಿ ಕೊಡುತ್ತಾರೆ. ಕ್ಯಾಲ್ಸಿಟ್ರಿಯಾಲ್ ಅನ್ನು ಪಿಟಿಎಚ್ ತುಂಬಾ ಜಾಸ್ತಿಯಾಗಿ ಏರುತ್ತಲೇ ಇದ್ದರೆ ಮಾತ್ರ.

ಬೆಳ್ಮಣ್ಣು ಹುಡುಗ
ವಿಟಮಿನ್ ಡಿ ಅಂದರೆ ಆ ವಾರಕ್ಕೊಂದು 60,000ದ ಪುಡಿಯಾ? ಮನೆಯಲ್ಲಿ ಉಂಟು. ರಿಪೋರ್ಟಿನ ಫೋಟೋ ಹಾಕಲಾ?

ಡಯಾಲಿಸಿಸ್ ಸಿಸ್ಟರ್
ಅದೇ ಪುಡಿ. ಆದರೆ ಎಷ್ಟು ವಾರ ಅಂತ ಡಾಕ್ಟರು ಹೇಳಬೇಕು, ಮನೆಯಲ್ಲಿ ಉಂಟು ಅಂತ ಶುರು ಮಾಡಬೇಡಿ. ಫೋಟೋ ಬೇಡ, ಅಪ್ಪನ ಹೆಸರು ನಂಬರ್ ಎಲ್ಲ ಅದರಲ್ಲಿ ಇರುತ್ತದೆ. ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಬುಮಿನ್, ವಿಟಮಿನ್ ಡಿ, ಈ ನಾಲ್ಕು ಅಂಕಿ ಬರೆಯಿರಿ ಸಾಕು.